ಇಳಿಜಾರು ಜಾಸ್ತಿಯಾದರೂ ಕೊರಕಲಿನ ನೀರು ಯಾಕೆ ಜೋರಾಗಿ ಓಡುವುದಿಲ್ಲ?

ಇಳಿಜಾರು ಕಡಿದಾದಷ್ಟೂ ನೀರು ಜೋರಾಗಿ ಓಡುತ್ತದೆ, ಅಲ್ವಾ? ಸೂರಿನ ತಗಡಿನ ಮೇಲೆ ಇದು ನಿಜ. ಸಿಮೆಂಟ್ ಚರಂಡಿಯಲ್ಲಿ ನಿಜ. ಟಾರು ರಸ್ತೆಯ ಮೇಲೂ ನಿಜ. ಆದರೆ ಉತ್ತ ಹೊಲದಲ್ಲಿ ಮಳೆನೀರು ತಾನೇ ಕೊರೆದುಕೊಂಡ ಸಣ್ಣ ಕೊರಕಲಿನೊಳಗೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ಇಳಿಜಾರು ನಾಲ್ಕು ಪಟ್ಟಾದರೂ ನೀರಿನ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಇದನ್ನು ಮೊದಲ ಸಲ ಓದಿದಾಗ ಎಲ್ಲೋ ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ಆಮೇಲೆ ಕೆಂಪು ಮಣ್ಣಿನ ರಾಗಿ ಹೊಲದ ಓರೆಯಲ್ಲಿ, ಸುರಿಯುವ ಮಳೆಯಲ್ಲೇ ಛತ್ರಿ ಹಿಡಿದು ಕುಕ್ಕರಗಾಲಲ್ಲಿ ಕೂತು ನೋಡಿದೆ. ಆಗ ಅದು ಯಾಕೆ ಹಾಗೆ ಅನ್ನುವುದು ಕಣ್ಣಿಗೇ ಕಂಡಿತು. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಮೊದಲು ಸಣ್ಣ ಕೊರಕಲು ಅಂದರೆ ಯಾವುದು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಜೋರು ಮಳೆ ನಿಂತ ಮೇಲೆ ಇಳಿಜಾರಿನ ಹೊಲದಲ್ಲಿ ಯಾರೋ ಬೆರಳಲ್ಲಿ ಗೀರಿದ ಹಾಗೆ ಮೇಲಿನಿಂದ ಕೆಳಕ್ಕೆ ಗೆರೆಗಳು ಕಾಣುತ್ತವೆ. ಅಗಲ ಒಂದು ಗೇಣಿನ ಆಸುಪಾಸು. ಆಳ ಎರಡು ಬೆರಳಿನಿಂದ ಶುರುವಾಗಿ ಗೇಣಿನವರೆಗೂ ಹೋಗಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ರಿಲ್ ಅನ್ನುತ್ತಾರೆ. ಮಣ್ಣು ವಿಜ್ಞಾನಿಗಳು ಇದನ್ನು ಗುರುತಿಸುವ ಲೆಕ್ಕ ರೈತರ ಲೆಕ್ಕವೇ: ಮಾಮೂಲಿ ಉಳುಮೆಯಲ್ಲಿ ಮುಚ್ಚಿಹೋದರೆ ಅದು ಸಣ್ಣ ಕೊರಕಲು. ನೇಗಿಲು ಹಾಯಲಾಗದೆ, ಎತ್ತು ದಾಟಲಾಗದೆ ಸುತ್ತಿಕೊಂಡು ಹೋಗಬೇಕಾಗಿ ಬಂದರೆ ಅದು ದೊಡ್ಡ ಕೊರಕಲು. ಈ ಲೇಖನ ಪೂರ್ತಿ ಸಣ್ಣದರ ಬಗ್ಗೆ.

ಕಥೆ ಮಳೆಹನಿಯಿಂದ ಶುರುವಾಗುತ್ತದೆ. ದಪ್ಪ ಹನಿ ಅಂದರೆ 5 ಮಿಲಿಮೀಟರ್ ಅಗಲದ್ದು. ಅದು ನೆಲಕ್ಕೆ ಬಡಿಯುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಗಂಟೆಗೆ 30 ಕಿಲೋಮೀಟರಿಗೂ ಜಾಸ್ತಿ ಆಯಿತು. ಬರಿ ನೆಲದ ಮೇಲೆ ಇಂಥ ಹನಿ ಬಿದ್ದರೆ ಮಣ್ಣಿನ ಹೆಂಟೆ ಒಡೆಯುತ್ತದೆ, ನುಣ್ಣನೆ ಕಣಗಳು ಎಗರುತ್ತವೆ. ಗೋಡೆಯ ಬುಡಕ್ಕೆ ಕೆಂಪು ಚುಕ್ಕೆ ಸಿಡಿದಿರುವುದನ್ನು ನೋಡಿರುತ್ತೀರಿ, ಅದೇ ಇದು. ಎಗರಿದ ನುಣ್ಣನೆಯ ಮಣ್ಣು ವಾಪಸ್ ಬಿದ್ದು ನೆಲದ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ನಮ್ಮ ಬಯಲುಸೀಮೆಯ ಕೆಂಪು ಮಣ್ಣಿಗೆ ಈ ಕಾಯಿಲೆ ಜಾಸ್ತಿ. ಎರಡು ಮಳೆ ಹೊಡೆತಕ್ಕೆ ಮೇಲೆ ತೆಳ್ಳಗೆ, ಗಟ್ಟಿಯಾಗಿ ಒಂದು ಪದರ ಕಟ್ಟಿಕೊಂಡುಬಿಡುತ್ತದೆ. ಒಣಗಿದ ಮೇಲೆ ಅದನ್ನು ಹಪ್ಪಳದ ಹಾಗೆ ಕೈಯಲ್ಲಿ ಎತ್ತಬಹುದು. ಆ ಪದರ ಕಟ್ಟಿದ ನೆಲ ಬೇಗ ನೀರು ಕುಡಿಯುವುದಿಲ್ಲ.

ನೆಲ ಕುಡಿಯುವುದಕ್ಕಿಂತ ಬೇಗ ಮಳೆ ಸುರಿದರೆ ಉಳಿದ ನೀರು ಮೇಲೆ ಹರಿಯಬೇಕು. ಕೇಳಲು ತೀರ ಸುಲಭದ ಮಾತು. ಅದನ್ನು ಲೆಕ್ಕಕ್ಕೆ ಸಿಗುವ ಹಾಗೆ ಹೇಳಿದವರು ಅಮೆರಿಕದ ರಾಬರ್ಟ್ ಹಾರ್ಟನ್, 1933ರಲ್ಲಿ. ಅವರೇ 1945ರಲ್ಲಿ ಇನ್ನೊಂದು ದೊಡ್ಡ ಪ್ರಬಂಧ ಬರೆದರು. ಗುಡ್ಡದ ನೆತ್ತಿಯ ಹತ್ತಿರ ನೀರು ಹರಿದರೂ ಮಣ್ಣು ಕೊರೆಯದ ಒಂದು ಪಟ್ಟಿ ಇರುತ್ತದೆ ಅಂತ ಅದರಲ್ಲಿ ತೋರಿಸಿದರು. ಅಲ್ಲಿ ನೀರಿನ ಪದರ ಬಹಳ ತೆಳು, ಮಣ್ಣನ್ನು ಕೀಳುವಷ್ಟು ಬಲ ಅದಕ್ಕಿಲ್ಲ. ಕೆಳಗೆ ಬಂದಂತೆ ನೀರು ಕೂಡುತ್ತಾ ಹೋಗುತ್ತದೆ. ಒಂದು ಹಂತ ದಾಟಿದ ಮೇಲೆ ಕೊರೆತ ಶುರು. ಇಳಿಜಾರಿನ ಹೊಲದಲ್ಲಿ ಮೇಲಿನ ಬದುವಿನಿಂದ ಒಂದಷ್ಟು ದೂರ ನೆಲ ನಯವಾಗಿದ್ದು, ಆಮೇಲೆ ಇದ್ದಕ್ಕಿದ್ದಂತೆ ಗೀರುಗಳು ಶುರುವಾಗುತ್ತವಲ್ಲ, ಕಾರಣ ಇದೇ.

ಮಣ್ಣನ್ನು ಕೀಳುವ ಬಲ ಎಷ್ಟು? ನೀರಿನ ಆಳವನ್ನು ಇಳಿಜಾರಿನಿಂದ ಗುಣಿಸಿದರೆ ಹತ್ತಿರದ ಲೆಕ್ಕ ಸಿಗುತ್ತದೆ. 100 ಅಡಿಗೆ 5 ಅಡಿ ಇಳಿಯುವ ಹೊಲ ಅಂತಿಟ್ಟುಕೊಳ್ಳಿ. ಅದರ ಮೇಲೆ 2 ಮಿಲಿಮೀಟರ್ ದಪ್ಪದ ನೀರು ಹಾಸಿಕೊಂಡು ಹರಿಯುತ್ತಿದೆ. ಆಗ ಒಂದು ಚದರ ಮೀಟರ್ ನೆಲದ ಮೇಲೆ ಅದು ಎಳೆಯುವ ಬಲ ಸುಮಾರು 100 ಗ್ರಾಂ ತೂಕದಷ್ಟು. ಅದೇ ನೀರು ಒಂದು ತಗ್ಗಿನಲ್ಲಿ ಕೂಡಿ 2 ಸೆಂಟಿಮೀಟರ್ ಆಳವಾಯಿತು ಅನ್ನಿ. ಎಳೆತ ಹತ್ತು ಪಟ್ಟು, ಅಂದರೆ 1 ಕಿಲೋ. ಇಳಿಜಾರು ಬದಲಾಗಲಿಲ್ಲ. ಮಳೆಯೂ ಬದಲಾಗಲಿಲ್ಲ. ಹರಡಿದ್ದ ನೀರು ಒಂದು ಕಡೆ ಕೂಡಿತು, ಅಷ್ಟೇ. ಪ್ರತಿ ಮಣ್ಣಿಗೂ ಇಂತಿಷ್ಟು ಎಳೆತ ತಡೆಯುವ ಶಕ್ತಿ ಇರುತ್ತದೆ. ಆ ಗಡಿ ದಾಟುವವರೆಗೆ ನೀರಿಗೆ ಮಣ್ಣು ಜಗ್ಗುವುದಿಲ್ಲ. ದಾಟಿದ ಮೇಲೆ ಹೆಚ್ಚುವರಿ ಎಳೆತ ಎಷ್ಟೋ ಅದಕ್ಕೆ ತಕ್ಕಂತೆ ಮಣ್ಣು ಏಳುತ್ತಾ ಹೋಗುತ್ತದೆ.

ನೀರು ಕೂಡುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಎತ್ತಿನ ಗೊರಸಿನ ಗುರುತು, ಟ್ರಾಕ್ಟರ್ ಚಕ್ರದ ಜಾಡು, ಕೂರಿಗೆ ಎಳೆದ ಸಾಲು, ಏನಾದರೂ ಸಾಕು. ಒಂದು ಕೂದಲೆಳೆಯಷ್ಟು ತಗ್ಗಿದ್ದರೂ ಪಕ್ಕದ ನೀರು ಅಲ್ಲಿಗೆ ಬರುತ್ತದೆ. ಬಂದ ನೀರು ತಗ್ಗನ್ನು ಇನ್ನಷ್ಟು ತಗ್ಗು ಮಾಡುತ್ತದೆ. ಆಗ ಇನ್ನಷ್ಟು ನೀರು ಬರುತ್ತದೆ. ಅಕ್ಕಪಕ್ಕದಲ್ಲಿ ಎರಡು ಗೀರು ಇದ್ದರೆ ಆಳ ಇರುವುದು ಗೆಲ್ಲುತ್ತದೆ. ನಡುವಿನ ಸಣ್ಣ ದಿಂಡನ್ನು ಒಡೆದುಕೊಂಡು ಪಕ್ಕದ್ದರ ನೀರನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಸೋತ ಗೀರಿನ ಕೆಳಭಾಗ ಒಣಗಿ ನಿಲ್ಲುತ್ತದೆ. ಮಳೆ ನಿಂತ ಮೇಲೆ ಹೊಲದಲ್ಲಿ ಓಡಾಡಿದರೆ ಇಂಥ ಅರ್ಧಕ್ಕೇ ನಿಂತ ಗೀರುಗಳು ಸಿಗುತ್ತವೆ. ಮೇಲಕ್ಕೆ ಹುಡುಕಿಕೊಂಡು ಹೋದರೆ ಯಾವ ಜಾಗದಲ್ಲಿ ಪಕ್ಕದ್ದು ಅದರ ನೀರು ಕದ್ದಿತು ಅನ್ನುವುದೂ ಗೊತ್ತಾಗುತ್ತದೆ.

ಈಗ ಒಂದು ಎಕರೆಯ ಲೆಕ್ಕ ಹಾಕೋಣ. ನೆಲ ಕುಡಿದು ಉಳಿದ ನೀರು ಗಂಟೆಗೆ 10 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಒಂದು ಎಕರೆ ಮೇಲೆ 1 ಮಿಲಿಮೀಟರ್ ನೀರು ಅಂದರೆ 4,000 ಲೀಟರಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಗಂಟೆಗೆ 40,000 ಲೀಟರ್, ಸೆಕೆಂಡಿಗೆ ಸುಮಾರು 11 ಲೀಟರ್ ನೀರು ಹೊಲದ ಕೆಳತುದಿಯಲ್ಲಿ ಹೊರಬೀಳಬೇಕು. ಹೊಲದಲ್ಲಿ ಹತ್ತು ಕೊರಕಲು ಇದ್ದರೆ ಒಂದೊಂದರ ಕೆಳತುದಿಯಲ್ಲಿ ಸೆಕೆಂಡಿಗೆ 1 ಲೀಟರ್ ಚಿಲ್ಲರೆ. ಒಂದು ಚೊಂಬು ನೀರು, ಪ್ರತಿ ಸೆಕೆಂಡಿಗೆ. ಈ ಒಂದು ಚೊಂಬು ನೀರಿನ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ನೀರಿನ ವೇಗ ಎಷ್ಟು? ಕಾಲುವೆ ಕಟ್ಟುವ ಎಂಜಿನಿಯರ್ ಕೈಯಲ್ಲಿ ಇದಕ್ಕೊಂದು ಹಳೆಯ ಸೂತ್ರ ಇದೆ. ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಹೆಸರಿನದ್ದು, 1889ರಿಂದ ಬಳಕೆಗೆ ಬಂದದ್ದು. ನೀರಿನ ಆಳ, ಇಳಿಜಾರು, ತಳದ ಒರಟುತನ, ಈ ಮೂರು ಗೊತ್ತಿದ್ದರೆ ವೇಗ ಸಿಗುತ್ತದೆ. ಒರಟುತನಕ್ಕೆ ಒಂದು ಅಂಕಿ ಕೊಡುತ್ತಾರೆ: ಸಿಮೆಂಟಿಗೆ ಕಡಿಮೆ, ಹುಲ್ಲು ಬೆಳೆದ ಕಾಲುವೆಗೆ ಜಾಸ್ತಿ. ಆಳ, ಒರಟುತನ ಎರಡೂ ಹಾಗೇ ಇದ್ದು ಇಳಿಜಾರು ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟಾಗಬೇಕು ಅನ್ನುತ್ತದೆ ಆ ಸೂತ್ರ. ಕಟ್ಟಿದ ಕಾಲುವೆಯಲ್ಲಿ ಈ ಲೆಕ್ಕ ಚೆನ್ನಾಗಿ ಕೂರುತ್ತದೆ.

ಬೆಲ್ಜಿಯಂನ ಲ್ಯೂವನ್ ವಿಶ್ವವಿದ್ಯಾಲಯದ ಗೆರಾರ್ಡ್ ಹೋವರ್ಸ್ 1992ರಲ್ಲಿ ಸಣ್ಣ ಕೊರಕಲುಗಳ ಅಳತೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಬೇರೆ ಬೇರೆ ಮಣ್ಣು, ಬೇರೆ ಬೇರೆ ಇಳಿಜಾರು. ಸಡಿಲ ಮಣ್ಣನ್ನು ಕೊರೆಯುತ್ತಾ ಹರಿಯುವ ನೀರಿನ ವೇಗ ಹೆಚ್ಚುಕಡಿಮೆ ಒಂದೇ ಒಂದು ವಿಷಯದ ಮೇಲೆ ನಿಂತಿತ್ತು: ಸೆಕೆಂಡಿಗೆ ಎಷ್ಟು ನೀರು ಬರುತ್ತಿದೆ ಅನ್ನುವುದರ ಮೇಲೆ. ಇಳಿಜಾರನ್ನು ಲೆಕ್ಕಕ್ಕೆ ಸೇರಿಸಿದರೂ ಏನೂ ಪ್ರಯೋಜನ ಆಗಲಿಲ್ಲ. ನೀರಿನ ಜೊತೆಗೂ ವೇಗ ನಿಧಾನಕ್ಕೇ ಏರುತ್ತದೆ. ನೀರು ಹತ್ತು ಪಟ್ಟಾದರೆ ವೇಗ ಬರೀ ಎರಡು ಪಟ್ಟು. ಮುಂದೆ ಅಮೆರಿಕದ ಮಾರ್ಕ್ ನಿಯರಿಂಗ್ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಇದೇ ಬಂತು.

ನಮ್ಮ ಒಂದು ಚೊಂಬಿನ ಕೊರಕಲಿಗೆ ಹೋವರ್ಸ್ ಅವರ ಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ ಸುಮಾರು 46 ಸೆಂಟಿಮೀಟರ್ ಬರುತ್ತದೆ. ಅಂದರೆ ಒಂದು ಮೊಳ. ಮಗು ನಡೆಯುವ ವೇಗ. ಆ ಲೆಕ್ಕದಲ್ಲಿ ನೀರಿನ ಅಗಲ 11 ಸೆಂಟಿಮೀಟರ್ ಇದ್ದರೆ ಆಳ 2 ಸೆಂಟಿಮೀಟರ್. 100 ಅಡಿಗೆ 5 ಅಡಿ ಇಳಿಯುವ ಹೊಲದಲ್ಲೂ ಇಷ್ಟೇ, 20 ಅಡಿ ಇಳಿಯುವ ಗುಡ್ಡದ ಓರೆಯಲ್ಲೂ ಇಷ್ಟೇ.

ಹಾಗಾದರೆ ಕಡಿದಾದ ಇಳಿಜಾರು ಕೊಟ್ಟ ಹೆಚ್ಚಿನ ಶಕ್ತಿ ಎಲ್ಲಿಗೆ ಹೋಯಿತು? ಅದಕ್ಕೆ ಕೊರಕಲಿನೊಳಗೆ ಇಣುಕಬೇಕು.

ದೂರದಿಂದ ಕೊರಕಲು ಸುಮ್ನೆ ಒಂದು ಗೆರೆ. ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದರೆ ಅದು ಮೆಟ್ಟಿಲುಗಳ ಸಾಲು. ನಾನು ನೋಡಿದ ಕೊರಕಲಿನಲ್ಲಿ ಒಂದು ಮೊಳಕ್ಕೆ ಒಂದರಂತೆ ಮೆಟ್ಟಿಲು ಇದ್ದವು. ಒಂದೊಂದರ ಎತ್ತರ ಎರಡು ಮೂರು ಬೆರಳು. ಮೆಟ್ಟಿಲಿನ ಅಂಚಿಗೆ ನೀರು ನಯವಾಗಿ, ಗಾಜಿನ ಹಾಗೆ ಬರುತ್ತದೆ. ಅಂಚಿನಿಂದ ಕೆಳಗೆ ಧುಮುಕುತ್ತದೆ. ಬಿದ್ದ ಜಾಗದಲ್ಲಿ ಬಟ್ಟಲಿನಷ್ಟು ಗುಂಡಿ. ಅದರಲ್ಲಿ ನೀರು ಕೆಂಪಗೆ ಕುದಿಯುವ ಹಾಗೆ ಸುಳಿ ಸುತ್ತುತ್ತದೆ, ಜೋಳದ ಕಾಳಿನಷ್ಟು ಹರಳುಗಳು ಒಳಗೆ ಕುಣಿಯುತ್ತವೆ. ಗುಂಡಿಯಿಂದ ಹೊರಟ ನೀರು ಸ್ವಲ್ಪ ಹೊತ್ತು ಸುಸ್ತಾದಂತೆ ಮೆಲ್ಲಗೆ ಹರಿದು, ಮತ್ತೆ ವೇಗ ಹಿಡಿದು, ಮುಂದಿನ ಮೆಟ್ಟಿಲಿಗೆ ಬರುತ್ತದೆ. ಐದು ನಿಮಿಷ ಒಂದೇ ಮೆಟ್ಟಿಲನ್ನು ನೋಡುತ್ತಾ ಕೂತಿದ್ದೆ. ಸುಳಿ ಮೆಟ್ಟಿಲಿನ ಬುಡವನ್ನು ಒಳಗೊಳಗೇ ತಿನ್ನುತ್ತಿತ್ತು. ಮೇಲಿನ ಮಣ್ಣು ಚಾಚಿಕೊಂಡು ನಿಂತಿತ್ತು. ಆಮೇಲೆ ಇಡ್ಲಿ ಗಾತ್ರದ ಒಂದು ತುಂಡು ದೊಪ್ಪನೆ ಕಳಚಿ ಬಿತ್ತು. ಮೆಟ್ಟಿಲು ಅಷ್ಟು ಮೇಲಕ್ಕೆ ಸರಿಯಿತು. ನೀರು ಕೆಳಗೆ ಹೋಗುತ್ತದೆ, ಕೊರಕಲು ಮೇಲಕ್ಕೆ ನಡೆಯುತ್ತದೆ.

ಶಕ್ತಿ ಹೋದದ್ದು ಇಲ್ಲಿಗೇ. ಧುಮುಕಿ ಗಳಿಸಿದ ವೇಗವನ್ನೆಲ್ಲ ನೀರು ಗುಂಡಿಯ ಸುಳಿಯಲ್ಲಿ ಕಳೆದುಕೊಳ್ಳುತ್ತದೆ. ಇಳಿಜಾರು ಕಡಿದಾದರೆ ಏನಾಗುತ್ತದೆ? ನೀರು ಒಂದು ಕ್ಷಣ ವೇಗ ಹೆಚ್ಚಿಸಿಕೊಳ್ಳಲು ನೋಡುತ್ತದೆ. ಆ ವೇಗಕ್ಕೆ ತಳ ಹೆಚ್ಚು ಕಿತ್ತುಹೋಗುತ್ತದೆ. ಮೆಟ್ಟಿಲುಗಳು ಎತ್ತರವಾಗುತ್ತವೆ, ಗುಂಡಿಗಳು ಆಳವಾಗುತ್ತವೆ, ತಳ ಒರಟಾಗುತ್ತದೆ. ಒರಟಾದ ತಳ ನೀರನ್ನು ಹಿಡಿದು ನಿಧಾನ ಮಾಡುತ್ತದೆ. ಕೊನೆಗೆ ವೇಗ ಮೊದಲಿದ್ದಲ್ಲಿಗೇ ಬರುತ್ತದೆ. ಮ್ಯಾನಿಂಗ್ ಸೂತ್ರದಲ್ಲಿ ತಪ್ಪೇನಿಲ್ಲ. ಕಟ್ಟಿದ ಕಾಲುವೆಯಲ್ಲಿ ಒರಟುತನದ ಅಂಕಿಯನ್ನು ನಾವು ಕೊಡುತ್ತೇವೆ, ಕೊರಕಲಿನಲ್ಲಿ ಅದನ್ನು ನೀರೇ ತಿದ್ದಿಕೊಳ್ಳುತ್ತದೆ. ಇಡೀ ವಿಷಯದಲ್ಲಿ ನನಗೆ ಅತಿ ಚೆಂದ ಅನ್ನಿಸುವುದು ಈ ಕೊಡುಕೊಳ್ಳುವಿಕೆ. ನೀರು ತನ್ನ ಹಾಸಿಗೆಯನ್ನು ತಾನೇ ಹಾಸಿಕೊಳ್ಳುತ್ತದೆ, ಆ ಹಾಸಿಗೆ ನೀರಿನ ನಡಿಗೆಯನ್ನು ತೀರ್ಮಾನಿಸುತ್ತದೆ.

ಆ ವೇಗಕ್ಕೆ ಒಂದು ಗುರುತೂ ಇದೆ. ನಿಂತ ನೀರಿಗೆ ಕಲ್ಲು ಹಾಕಿದರೆ ಅಲೆ ಸುತ್ತಲೂ ಹರಡುತ್ತದಲ್ಲ. ಆಳವಿಲ್ಲದ ನೀರಿನಲ್ಲಿ ಆ ಅಲೆಯ ವೇಗ ಆಳದ ಮೇಲೆ ನಿಂತಿರುತ್ತದೆ. 2 ಸೆಂಟಿಮೀಟರ್ ಆಳಕ್ಕೆ ಅದು ಸೆಕೆಂಡಿಗೆ ಸುಮಾರು 44 ಸೆಂಟಿಮೀಟರ್. ನಮ್ಮ ಕೊರಕಲಿನ ನೀರು ಹರಿಯುವುದು 46ರಲ್ಲಿ. ಎರಡೂ ಹತ್ತಿರ ಹತ್ತಿರ ಒಂದೇ. ಕೊರಕಲಿನ ನೀರಿಗೆ ಕಡ್ಡಿ ಅದ್ದಿ ನೋಡಿ. ಮೆಟ್ಟಿಲಿನ ಅಂಚಿನಲ್ಲಿ ಕಡ್ಡಿಯ ಅಲೆ ಮೇಲಕ್ಕೆ ಹತ್ತಲಾರದೆ ಹಿಂದಕ್ಕೆ ಬಾಗಿದ ಬಾಣದ ಹಾಗೆ ಕಾಣುತ್ತದೆ, ಅಲ್ಲಿ ನೀರು ಅಲೆಯನ್ನು ಮೀರಿ ಓಡುತ್ತಿದೆ ಅಂತ ಅರ್ಥ. ಗುಂಡಿಯ ಕೆಳಗೆ ಮೆಲ್ಲಗೆ ಹರಿಯುವ ಕಡೆ ಅದ್ದಿದರೆ ಅಲೆ ಮೇಲಕ್ಕೂ ಹತ್ತುತ್ತದೆ. ಕೊರಕಲು ಪೂರ್ತಿ ನೀರು ಈ ಗಡಿಯ ಆಚೆಗೊಮ್ಮೆ ಈಚೆಗೊಮ್ಮೆ ಹೋಗಿ ಬರುತ್ತಿರುತ್ತದೆ. ಸರಾಸರಿ ತೆಗೆದರೆ ಗಡಿಯ ಆಸುಪಾಸಿನಲ್ಲೇ ನಿಲ್ಲುತ್ತದೆ.

ನೀವೇ ವೇಗ ಅಳೆಯಬೇಕೆಂದರೆ ಅರಿಶಿನದ ನೀರು ಸಾಕಾಗುವುದಿಲ್ಲ, ಕೆಂಪು ರಾಡಿಯಲ್ಲಿ ಅದು ಕಾಣಿಸುವುದೇ ಇಲ್ಲ. ಗಾಢ ನೀಲಿ ಬಣ್ಣ ಕಲಸಿ ಒಂದು ಲೋಟ ಹಾಕಿ, ಐದು ಮೀಟರ್ ಕೆಳಗೆ ಬರಲು ಎಷ್ಟು ಸೆಕೆಂಡು ಅಂತ ಮೊಬೈಲಿನಲ್ಲಿ ನೋಡಿ. ಸಂಶೋಧಕರೂ ಬಣ್ಣವನ್ನೋ ಉಪ್ಪುನೀರನ್ನೋ ಬಳಸುತ್ತಾರೆ. ಒಂದು ಎಚ್ಚರ ಬೇಕು. ನಾವು ನೋಡುವುದು ಬಣ್ಣದ ಮೊದಲ ಅಂಚನ್ನು. ಅದು ಮೇಲ್ಮೈಯ ನಡುಮಧ್ಯದ ಅತಿ ವೇಗದ ನೀರು. ತಳಕ್ಕೂ ದಂಡೆಗೂ ತಾಗಿಕೊಂಡ ನೀರು ಅದಕ್ಕಿಂತ ನಿಧಾನ. ಹಾಗಾಗಿ ಬಂದ ವೇಗವನ್ನು ಸ್ವಲ್ಪ ಇಳಿಸಿಕೊಳ್ಳಬೇಕು.

ಇಷ್ಟೆಲ್ಲ ಕೇಳಿ ಇಳಿಜಾರಿಗೂ ಮಣ್ಣು ಕೊಚ್ಚಿಹೋಗುವುದಕ್ಕೂ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಬಹಳ ಇದೆ. ಅದೇ 2 ಸೆಂಟಿಮೀಟರ್ ನೀರು, 100 ಅಡಿಗೆ 20 ಅಡಿ ಇಳಿಯುವ ಕಡೆ ಎಳೆತ 1 ಕಿಲೋದಿಂದ 4 ಕಿಲೋಗೆ ಏರುತ್ತದೆ. ವೇಗವಾಗಿ ಬದಲಾಗಬೇಕಿದ್ದ ಶಕ್ತಿಯೆಲ್ಲ ತಳವನ್ನು ಕೀಳಲು, ಗುಂಡಿ ತೋಡಲು, ದಂಡೆ ಬೀಳಿಸಲು, ಕಿತ್ತ ಮಣ್ಣನ್ನು ಹೊರಲು ಸಿಗುತ್ತದೆ. ಕಡಿದಾದ ಓರೆಯ ಕೊರಕಲು ನೋಡಲು ಅವಸರದಲ್ಲಿ ಇದ್ದಂತೆ ಕಾಣದಿದ್ದರೂ ನೀರು ಅಲ್ಲಿ ಹೆಚ್ಚು ರಾಡಿಯಾಗಿರುತ್ತದೆ. ಎಷ್ಟು ಹೊರಬಲ್ಲುದು ಅನ್ನುವುದಕ್ಕೂ ಮಿತಿ ಇದೆ. ಹೊರೆ ತುಂಬುತ್ತಾ ಬಂದಂತೆ ಹೊಸ ಮಣ್ಣು ಕೀಳುವುದು ಕಡಿಮೆಯಾಗುತ್ತದೆ. ಕೆಳಗೆ ನೆಲ ಸಮತಟ್ಟಾದ ಕೂಡಲೇ ಹೊರಲಾರದೆ ಇಳಿಸಿಬಿಡುತ್ತದೆ. ಬದುವಿನ ಹತ್ತಿರ ಬೀಸಣಿಗೆ ಹಾಗೆ ಹರಡಿಕೊಂಡ ಮರಳು ಅದೇ. ಆ ಮರಳು ಉಳಿಯುತ್ತದೆ, ಗೊಬ್ಬರದ ಸಾರ ಹಿಡಿದಿಟ್ಟುಕೊಂಡ ನುಣ್ಣನೆಯ ಜೇಡಿ ಉಳಿಯುವುದಿಲ್ಲ. ಅದು ನೀರಿನ ಜೊತೆ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗಿ ಹೂಳಾಗುತ್ತದೆ. ಬೇಸಿಗೆಯಲ್ಲಿ ಕೆರೆ ಗೋಡನ್ನು ಟ್ರಾಕ್ಟರಿನಲ್ಲಿ ಹೊಲಕ್ಕೆ ಹೊಡೆಸುವ ರೈತರು ತಮ್ಮದೇ ಊರಿನ ಓರೆಗಳಿಂದ ಹೋದ ಮಣ್ಣನ್ನು ದುಡ್ಡು ಕೊಟ್ಟು ವಾಪಸ್ ತರುತ್ತಿದ್ದಾರೆ.

ಎಷ್ಟು ಮಣ್ಣು ಅಂತ ಒಂದು ಅಂದಾಜು ಮಾಡಬಹುದು. 10 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಆಳದ ಗೀರು 60 ಮೀಟರ್ ಉದ್ದ ಇದ್ದರೆ ಅದರಿಂದ ಹೋದ ಮಣ್ಣು ಸುಮಾರು 400 ಕಿಲೋ. ಎಕರೆಯಲ್ಲಿ ಹತ್ತು ಗೀರು ಅಂದರೆ 4 ಟನ್. ಆದರೆ ಮುಂದಿನ ಉಳುಮೆಗೆ ಗೀರು ಮುಚ್ಚಿಹೋಗುತ್ತದೆ. ಮುಚ್ಚಿದ ಮಣ್ಣು ಅಕ್ಕಪಕ್ಕದ್ದು, ಹೋದದ್ದು ವಾಪಸ್ ಬಂದಿರುವುದಿಲ್ಲ. ಇಡೀ ಹೊಲ ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಸವೆದಿರುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ. ದೊಡ್ಡ ಕೊರಕಲು ಬಿದ್ದರೆ ಊರೆಲ್ಲ ಬಂದು ನೋಡುತ್ತದೆ. ಈ ಸಣ್ಣವುಗಳ ಬಗ್ಗೆ ಯಾರೂ ಮಾತಾಡದಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಹಾಗಾದರೆ ತಡೆಯುವುದು ಹೇಗೆ? ಹೋವರ್ಸ್ ಅವರ ಅಳತೆಯೇ ದಾರಿ ತೋರಿಸುತ್ತದೆ. ವೇಗ ನಿಂತಿರುವುದು ನೀರಿನ ಪ್ರಮಾಣದ ಮೇಲೆ. ಎಳೆತ ನಿಂತಿರುವುದು ಆಳದ ಮೇಲೆ. ಎರಡಕ್ಕೂ ಮೂಲ ಒಂದೇ, ನೀರು ಕೂಡುವುದು. ಓರೆಯ ಉದ್ದವನ್ನು ನಡುನಡುವೆ ತುಂಡರಿಸಿದರೆ ಒಂದು ಚೊಂಬು ನೀರು ಕಾಲು ಚೊಂಬಾಗುತ್ತದೆ. ಇಳಿಜಾರಿಗೆ ಅಡ್ಡ ಬದು ಹಾಕುವುದು, ಅಡ್ಡ ಉಳುವುದು ಇದಕ್ಕೇ. ಮೇಲಿನಿಂದ ಕೆಳಕ್ಕೆ ಉತ್ತರೆ ಪ್ರತಿ ಸಾಲೂ ಕೊರಕಲಿಗೆ ಹಾಕಿಕೊಟ್ಟ ದಾರಿ. ಗುಂಡ್ಲುಪೇಟೆ ಕಡೆ ಹೊಲದ ಅಂಚಿಗೆ ಲಾವಂಚ ನೆಡುವ ರೂಢಿ ಹಿಂದಿನಿಂದ ಇದೆ. ಒತ್ತೊತ್ತಾಗಿ ಬೆಳೆದ ಲಾವಂಚದ ಸಾಲು ನೀರನ್ನು ನಿಲ್ಲಿಸುವುದಿಲ್ಲ, ಸೋಸಿ ಬಿಡುತ್ತದೆ. ಕೂಡಿಬಂದ ನೀರು ಅಲ್ಲಿ ಅಡ್ಡಕ್ಕೆ ಹರಡಿಕೊಂಡು ಮತ್ತೆ ತೆಳುವಾಗುತ್ತದೆ. ಅದರ ಬೇರು ನೇರ ಆಳಕ್ಕೆ ಇಳಿಯುವುದರಿಂದ ಬೆಳೆಗೂ ಹೆಚ್ಚು ತೊಂದರೆ ಇಲ್ಲ.

ಇನ್ನೊಂದು ವಿಷಯ ಕಲ್ಲು. ಹೊಲದ ಮೇಲಿನ ಸಣ್ಣ ಕಲ್ಲುಗಳನ್ನೆಲ್ಲ ಆಯ್ದು ಹೊರಗೆ ಹಾಕುವುದು ಒಳ್ಳೆಯ ಬೇಸಾಯ ಅಂತ ನಾನೂ ನಂಬಿದ್ದೆ. ಕೂರಿಗೆಗೆ ಸಿಕ್ಕುವ ದಪ್ಪ ಕಲ್ಲು ತೆಗೆಯಲೇಬೇಕು, ಸರಿ. ಆದರೆ ಮುಷ್ಟಿಗಿಂತ ಚಿಕ್ಕವು ಕೊರಕಲಿನ ತಳದಲ್ಲಿ ಉಳಿದರೆ ನೀರನ್ನು ಹಿಡಿದು ನಿಧಾನ ಮಾಡುತ್ತವೆ. ಮಣ್ಣು ಹೋಗುತ್ತಾ ಹೋಗುತ್ತಾ ಕಲ್ಲುಗಳು ತಳದಲ್ಲಿ ಹಾಸಿಕೊಂಡು ತಾವೇ ಕವಚ ಕಟ್ಟುತ್ತವೆ. ಬೆಳೆಯ ಕೂಳೆ, ಒಣ ಹುಲ್ಲು ಕೂಡ ಇದೇ ಕೆಲಸ ಮಾಡುತ್ತವೆ. ಜೊತೆಗೆ ಹನಿಯ ಹೊಡೆತವನ್ನೂ ತಾಳಿಕೊಳ್ಳುತ್ತವೆ.

ಕೊರಕಲಿನ ತಳ ಸಡಿಲ ಮಣ್ಣಾಗಿರುವವರೆಗೆ ಮಾತ್ರ ಇಳಿಜಾರು ಲೆಕ್ಕಕ್ಕಿಲ್ಲ ಅನ್ನುವ ನಿಯಮ ನಡೆಯುತ್ತದೆ. ಪ್ರತಿ ವರ್ಷ ಒಂದೇ ಆಳಕ್ಕೆ ಉತ್ತ ಹೊಲದಲ್ಲಿ ನೇಗಿಲಿನ ತುದಿಯ ಕೆಳಗೆ ಗಟ್ಟಿ ಪದರ ಕಟ್ಟಿರುತ್ತದೆ. ಕೊರಕಲು ಅಲ್ಲಿಗೆ ಮುಟ್ಟಿದರೆ ಮೆಟ್ಟಿಲು ಮಾಡಿಕೊಳ್ಳಲು ನೀರಿಗೆ ಆಗುವುದಿಲ್ಲ. ತಳ ನಯವಾಗಿ ಉಳಿಯುತ್ತದೆ, ನೀರು ಸಿಮೆಂಟ್ ಚರಂಡಿಯಲ್ಲಿ ಹೋದ ಹಾಗೆ ಹೋಗುತ್ತದೆ. ಕೆಳಕ್ಕೆ ಕೊರೆಯಲಾಗದೆ ಪಕ್ಕದ ದಂಡೆಗಳನ್ನು ತಿಂದು ಅಗಲವಾಗುತ್ತದೆ. ಮುಂದಿನ ಮಳೆ ಬಿಟ್ಟ ಮೇಲೆ ನಿಮ್ಮ ಹೊಲದ ಅತಿ ಆಳದ ಗೀರಿಗೆ ಬೆರಳಿಟ್ಟು ತಳ ಮುಟ್ಟಿ ನೋಡಿ. ಮೆತ್ತಗಿದ್ದು ಮೆಟ್ಟಿಲು ಸಿಕ್ಕರೆ ಅದು ಇನ್ನೂ ಮೇಲಕ್ಕೆ ನಡೆಯುತ್ತಿದೆ. ಗಟ್ಟಿಯಾಗಿ ನುಣುಪಾಗಿದ್ದರೆ ಅದು ಅಡ್ಡಕ್ಕೆ ಹರಡುತ್ತಿದೆ, ಉತ್ತ ಮಣ್ಣು ಆ ಜಾಗದಲ್ಲಿ ಪೂರ್ತಿ ಹೋಗಿದೆ.